ಕಾಲೇಜಿನ ರೈಡರ್ ಪ್ರೊ ಕಬಡ್ಡಿಗೆ ಸಿದ್ಧನೇ? ಅಳೆಯುವುದು ಹೇಗೆ?



ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಕಬಡ್ಡಿ ಹಂಗಾಮು ಬಂತೆಂದರೆ ಒಂದು ಸಣ್ಣ ಧರ್ಮಸಂಕಟ. ತವರಿನ ಬೆಂಗಳೂರು ಬುಲ್ಸ್‌ಗೆ ಜೈ ಅನ್ನಬೇಕೋ, ಅನ್ನ ಕೊಟ್ಟ ಊರಿನ ಪುಣೇರಿ ಪಲ್ಟನ್‌ಗೆ ಅನ್ನಬೇಕೋ? ಈ ಸಂಕಟವನ್ನು ಒಂದಷ್ಟು ಕಾಲ ಹಗುರ ಮಾಡಿದವರು ನಮ್ಮವರೇ ಆದ ಬಿ.ಸಿ. ರಮೇಶ್. 2001ನೇ ಸಾಲಿನ ಅರ್ಜುನ ಪ್ರಶಸ್ತಿ ಪಡೆದ ಈ ಕರ್ನಾಟಕದ ಆಟಗಾರ, 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೆ ತರಬೇತುದಾರರಾಗಿ ಕಪ್ ಗೆದ್ದುಕೊಟ್ಟರು. ಆಮೇಲೆ ಪಲ್ಟನ್‌ಗೆ ಬಂದರು. 2022ರ ಡಿಸೆಂಬರ್‌ನಲ್ಲಿ ಪಲ್ಟನ್ ಫೈನಲ್‌ನಲ್ಲಿ ಜೈಪುರಕ್ಕೆ 33–29ರಿಂದ ಸೋತಿತು. ಆದರೆ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಮಣಿಸಿ ಮೊದಲ ಸಲ ಚಾಂಪಿಯನ್ ಆಯಿತು.

ಆ ತಂಡದ ರೈಡರ್‌ಗಳನ್ನು ನೆನಪಿಸಿಕೊಳ್ಳಿ: ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂದೆ. ಎಲ್ಲರೂ ಚಿಕ್ಕ ವಯಸ್ಸಿನವರು. ಅಸ್ಲಂ ಮತ್ತು ಮೋಹಿತ್ ಕೋವಿಡ್ ಕಾಲದಲ್ಲಿ, ಅಂದರೆ 2021–22ರ ಎಂಟನೇ ಆವೃತ್ತಿಯಲ್ಲಿ, ‘ಹೊಸ ಯುವ ಆಟಗಾರ’ರ ಪಟ್ಟಿಯಲ್ಲಿ ತಂಡ ಸೇರಿದವರು. ಎರಡು ವರ್ಷದಲ್ಲಿ ಅಸ್ಲಂ ಆ ತಂಡದ ನಾಯಕನಾಗಿ ಕಪ್ ಎತ್ತಿದ, ಇಡೀ ಆವೃತ್ತಿಯ ಅತ್ಯಮೂಲ್ಯ ಆಟಗಾರನೂ ಆದ.

ಹೆಸರು ಮಾಡದ ಹುಡುಗರಲ್ಲಿ ಇಂಥವರನ್ನು ಮೊದಲೇ ಗುರುತಿಸುವುದು ಹೇಗೆ? ಆಯ್ಕೆದಾರರಿಗೆ ಇದು ಕೋಟಿ ರೂಪಾಯಿಯ ಪ್ರಶ್ನೆ. ಮನೆಯವರಿಗೆ ಇದು ಅದಕ್ಕಿಂತ ದೊಡ್ಡದು. ಮಗ ಅಂತರ ಕಾಲೇಜು ಪಂದ್ಯದಲ್ಲಿ ಹದಿನೈದು ಪಾಯಿಂಟ್ ತಂದಿದ್ದಾನೆ, ಪದವಿಯ ಕೊನೆಯ ವರ್ಷ ಬಿಟ್ಟು ಅಕಾಡೆಮಿ ಸೇರುತ್ತೇನೆ ಅನ್ನುತ್ತಾನೆ. ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ?

ಕಾಲೇಜಿನಿಂದ ಹರಾಜಿಗೆ

2014ರ ಜುಲೈನಲ್ಲಿ ಪ್ರೊ ಕಬಡ್ಡಿ ಆರಂಭವಾಗುವವರೆಗೂ ಒಳ್ಳೆಯ ಆಟಗಾರನ ಗುರಿ ಒಂದೇ ಆಗಿತ್ತು. ರೈಲ್ವೆ, ಸೇನೆ, ಪೊಲೀಸ್ ಇಲ್ಲವೇ ಬ್ಯಾಂಕಿನಲ್ಲಿ ಕ್ರೀಡಾ ಕೋಟಾದ ನೌಕರಿ. ಲೀಗ್ ಬಂದ ಮೇಲೆ ಲೆಕ್ಕ ಬದಲಾಯಿತು. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ರಾಕೇಶ್ ಕುಮಾರ್‌ಗೆ, 12.8 ಲಕ್ಷ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಪಡೆದದ್ದು 2 ಕೋಟಿ 60 ಲಕ್ಷಕ್ಕೂ ಹೆಚ್ಚು.

ಕಾಲೇಜು ಹುಡುಗರಿಗೂ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ, ಕಬಡ್ಡಿ ಫೈನಲ್ ತಲುಪಿದ ಎರಡು ತಂಡಗಳ 24 ಆಟಗಾರರನ್ನು ಅದೇ ವರ್ಷದ ಪ್ರೊ ಕಬಡ್ಡಿ ಹರಾಜಿನ ಪಟ್ಟಿಗೆ ಸೇರಿಸಲಾಯಿತು. ಪಟ್ಟಿಯಲ್ಲಿದ್ದವರು 500ಕ್ಕೂ ಹೆಚ್ಚು. ತಂಡಗಳು ಹನ್ನೆರಡು, ತಂಡವೊಂದಕ್ಕೆ ಹೆಚ್ಚೆಂದರೆ 25 ಮಂದಿ. ಒಟ್ಟು 300 ಜಾಗ, ಅದರಲ್ಲೂ ಹಲವು ಜಾಗ ಹಳಬರಿಗೆ ಮೊದಲೇ ಮೀಸಲು. ಹಾಗಾಗಿ ಪಟ್ಟಿಯಲ್ಲಿ ಹೆಸರು ಬಂದವರಲ್ಲೂ ನೂರಾರು ಮಂದಿ ಬರಿಗೈಯಲ್ಲಿ ಮನೆಗೆ ಮರಳುತ್ತಾರೆ.

ಹಾಗಿದ್ದೂ ಫ್ರಾಂಚೈಸಿಗಳಿಗೆ ಹೊಸ ಹುಡುಗರು ಬೇಕೇ ಬೇಕು. 2023ರಲ್ಲಿ ಒಂದು ತಂಡ ಖರ್ಚು ಮಾಡಬಹುದಾಗಿದ್ದುದು 5 ಕೋಟಿ. ಪಲ್ಟನ್ ಆ ವರ್ಷ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಒಬ್ಬನಿಗೇ 2.35 ಕೋಟಿ ಕೊಟ್ಟಿತು. ಹೆಚ್ಚುಕಡಿಮೆ ಅರ್ಧ ಥೈಲಿ ಅಲ್ಲೇ ಖಾಲಿ. ಅಷ್ಟು ಧೈರ್ಯ ಮಾಡಲು ಸಾಧ್ಯವಾದದ್ದು ರೈಡಿಂಗ್ ವಿಭಾಗದಲ್ಲಿ ತಾನೇ ಬೆಳೆಸಿದ ಹುಡುಗರು ಇದ್ದುದರಿಂದ.

ಅಂಕದ ಹಿಂದಿನ ಲೆಕ್ಕ

ಸರಿ, ಈಗ ಹುಡುಗನನ್ನು ಅಳೆಯೋಣ. ಲೆಕ್ಕಕ್ಕೆಂದು ಇಬ್ಬರು ಕಾಲೇಜು ರೈಡರ್‌ಗಳನ್ನು ಊಹಿಸಿಕೊಳ್ಳಿ. ಮೊದಲನೆಯವನು ಒಂದು ಪಂದ್ಯದಲ್ಲಿ 20 ರೈಡ್ ಮಾಡಿ 14 ಅಂಕ ತಂದ, 7 ಸಲ ಸಿಕ್ಕಿಬಿದ್ದ. ಎರಡನೆಯವನು 15 ರೈಡ್ ಮಾಡಿ 9 ಅಂಕ ತಂದ, ಸಿಕ್ಕಿಬಿದ್ದದ್ದು ಎರಡೇ ಸಲ. ಮರುದಿನ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಮೊದಲನೆಯವನ ಹೆಸರು ದೊಡ್ಡದಾಗಿ ಬರುತ್ತದೆ.

ಆದರೆ ಸಿಕ್ಕಿಬಿದ್ದ ಪ್ರತಿ ಸಲವೂ ಎದುರಾಳಿಗೆ ಒಂದು ಅಂಕ. 14ರಲ್ಲಿ 7 ಕಳೆದರೆ 7. ಒಂಬತ್ತರಲ್ಲಿ 2 ಕಳೆದರೂ 7. ಅಂಕದಲ್ಲಿ ಇಬ್ಬರೂ ಸಮ. ಅಷ್ಟೇ ಆದರೂ ಪರವಾಗಿಲ್ಲ. ಔಟಾದ ರೈಡರ್ ತನ್ನ ತಂಡದವರು ಅಂಕ ತಂದು ಮತ್ತೆ ಒಳಗೆ ಕರೆಸಿಕೊಳ್ಳುವ ತನಕ ಹೊರಗೆ ಕೂರಬೇಕು. ಮೊದಲನೆಯವನು ಏಳು ಸಲ ಹಾಗೆ ಕೂತ. ಆಗೆಲ್ಲ ತಂಡಕ್ಕೆ ಮುಖ್ಯ ರೈಡರ್ ಇಲ್ಲ. ಔಟಾಗದೆ ಮರಳಿದ ಪ್ರಮಾಣ ನೋಡಿದರೆ ಮೊದಲನೆಯವನದು ನೂರಕ್ಕೆ 65, ಎರಡನೆಯವನದು ಸುಮಾರು 87. ಆಯ್ಕೆದಾರನ ಪೆನ್ಸಿಲ್ ಗುರುತು ಬೀಳುವುದು ಎರಡನೆಯವನ ಹೆಸರಿನ ಮುಂದೆ.

ಆ ಅಂಕ ಎಲ್ಲಿಂದ ಬಂತು?

ಎರಡನೇ ಹೆಜ್ಜೆ, ಅಂಕಗಳನ್ನು ಬಿಡಿಸಿ ನೋಡುವುದು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯರೇಖೆಯಿಂದ 3.75 ಮೀಟರ್ ದೂರದಲ್ಲಿ ಬಾಲ್ಕ್ ಲೈನ್, ಅಲ್ಲಿಂದ ಇನ್ನೊಂದು ಮೀಟರ್ ಆಚೆ ಬೋನಸ್ ಲೈನ್. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ಒಂದು ಕಾಲು ಬೋನಸ್ ಲೈನ್ ದಾಟಿ, ಇನ್ನೊಂದು ಕಾಲು ಗಾಳಿಯಲ್ಲಿದ್ದರೆ ಬೋನಸ್ ಅಂಕ. ಕಾಲೇಜು ಮಟ್ಟದಲ್ಲಿ ಎಷ್ಟೋ ತಂಡಗಳ ಕಾರ್ನರ್ ಆಟಗಾರರು ಹೆದರಿ ಹಿಂದೆ ನಿಲ್ಲುತ್ತಾರೆ, ಬೋನಸ್ ಸುಲಭವಾಗಿ ಸಿಗುತ್ತದೆ. ಪ್ರೊ ಕಬಡ್ಡಿಯ ಕಾರ್ನರ್ ಆಟಗಾರ ಕಾಯುತ್ತಿರುವುದೇ ಆ ಮುಂದೆ ಚಾಚಿದ ಕಾಲಿಗೆ. ಪಾದ ನೆಲ ಮುಟ್ಟುವುದರೊಳಗೆ ಆಂಕಲ್ ಹೋಲ್ಡ್. ಬರೀ ಬೋನಸ್ ನಂಬಿಕೊಂಡ ಹುಡುಗ ಅಲ್ಲಿ ಮೊದಲ ವಾರದಲ್ಲೇ ಬಡವಾಗುತ್ತಾನೆ.

ಅಂಕ ಬಂದಾಗ ಎದುರಿಗೆ ಎಷ್ಟು ಮಂದಿ ಇದ್ದರು ಎಂಬುದನ್ನೂ ಕೇಳಿ. ಏಳು ಮಂದಿ ಕೈ ಕೈ ಹಿಡಿದು ಸರಪಳಿ ಕಟ್ಟಿ ನಿಂತಾಗ ಒಬ್ಬನನ್ನು ಮುಟ್ಟಿ ಬರುವುದು ಒಂದು ವಿದ್ಯೆ. ಮೂವರು ಉಳಿದಾಗ ಆಟವೇ ಬೇರೆ. ಆಗ ಅಂಕಣ ಖಾಲಿ ಖಾಲಿ, ರೈಡರ್‌ಗೆ ಓಡಾಡಲು ಜಾಗ ಧಾರಾಳ. ಆದರೆ ಹಿಡಿದರೆ ಸೂಪರ್ ಟ್ಯಾಕಲ್, ಎದುರಾಳಿಗೆ ಎರಡು ಅಂಕ. ಒಳ್ಳೆಯ ರೈಡರ್‌ಗೆ ಎರಡೂ ಲೆಕ್ಕ ತಲೆಯಲ್ಲಿರುತ್ತದೆ.

ಇನ್ನೊಂದು ಕಠಿಣ ಪರೀಕ್ಷೆ ‘ಡೂ ಆರ್ ಡೈ’ ರೈಡ್. ಸತತ ಎರಡು ರೈಡ್ ಖಾಲಿಯಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಎದುರಿನ ಏಳು ಮಂದಿಗೂ ಇದು ಗೊತ್ತು. 30 ಸೆಕೆಂಡು ಸುಮ್ಮನೆ ಓಡಾಡಿ ಮರಳುವ ದಾರಿ ಮುಚ್ಚಿದಾಗ ಹುಡುಗ ಏನು ಮಾಡುತ್ತಾನೆ? ಇಡೀ ಪಂದ್ಯದಲ್ಲಿ ಇಂಥ ರೈಡ್‌ಗಳನ್ನಷ್ಟೇ ನೋಡಿದರೂ ಅರ್ಧ ತೀರ್ಮಾನ ಆದಂತೆ.

ಗುಟ್ಟು ಬಯಲಾದ ಮೇಲೆ

ಈಗ ಮುಖ್ಯ ಮಾತಿಗೆ ಬರೋಣ. ಕಾಲೇಜು ಪಂದ್ಯದಲ್ಲಿ ಎದುರಾಳಿಗಳು ಈ ಹುಡುಗನನ್ನು ಬಹುತೇಕ ಮೊದಲ ಸಲ ನೋಡುತ್ತಿರುತ್ತಾರೆ. ಅವನಿಗೆ ಎಡಗಡೆಯ ಬ್ಯಾಕ್ ಕಿಕ್ ಚೆನ್ನಾಗಿ ಬರುತ್ತದೆ ಎಂದು ತಿಳಿಯುವ ಹೊತ್ತಿಗೆ ಪಂದ್ಯ ಮುಗಿದಿರುತ್ತದೆ. ಪ್ರೊ ಕಬಡ್ಡಿಯಲ್ಲಿ ಅವನ ಪ್ರತಿ ರೈಡೂ ಕ್ಯಾಮೆರಾದಲ್ಲಿ ದಾಖಲು. ಎದುರಾಳಿ ತರಬೇತುದಾರ ಲ್ಯಾಪ್‌ಟಾಪ್ ತೆರೆದು, ಇವನು ಯಾವ ಕಡೆಯಿಂದ ಒಳ ಬರುತ್ತಾನೆ, ಯಾವ ಕಾಲು ಮೊದಲು ಎತ್ತುತ್ತಾನೆ ಎಂದು ಹಿಂದಿನ ರಾತ್ರಿಯೇ ತನ್ನ ಹುಡುಗರಿಗೆ ತೋರಿಸಿರುತ್ತಾನೆ. ಗುಟ್ಟು ಬಯಲಾದ ಮೇಲೂ ಅಂಕ ತರಬಲ್ಲವನೇ ವೃತ್ತಿಪರ ರೈಡರ್.

ಇದು ನಮ್ಮ ಆಟಕ್ಕಷ್ಟೇ ಸೇರಿದ ಸಮಸ್ಯೆಯಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ, ದೂರದಿಂದ ಎಸೆದ ಚೆಂಡನ್ನು ಓಡುತ್ತ ಹಿಡಿಯುವವನಿಗೆ ವೈಡ್ ರಿಸೀವರ್ ಎನ್ನುತ್ತಾರೆ. ಅಲ್ಲಿಯ ವೃತ್ತಿಪರ ತಂಡಗಳು ವರ್ಷ ವರ್ಷವೂ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಆಯ್ಕೆಗೆ ಮೊದಲು 40 ಗಜದ ಓಟ, ಅಂದರೆ ಸುಮಾರು 36.6 ಮೀಟರ್. 2017ರಲ್ಲಿ ಜಾನ್ ರಾಸ್ ಎಂಬ ಹುಡುಗ 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಮುರಿದ. ಸಿನ್ಸಿನಾಟಿ ತಂಡ ಅವನನ್ನು ಒಂಬತ್ತನೆಯವನಾಗಿ ಆರಿಸಿತು. ಮೊದಲ ವರ್ಷ ಅವನು ಒಂದೇ ಒಂದು ಚೆಂಡನ್ನೂ ಹಿಡಿಯಲಿಲ್ಲ. ಇನ್ನೊಂದು ಕಡೆ, 1985ರಲ್ಲಿ ಸಣ್ಣ ಕಾಲೇಜೊಂದರಿಂದ ಬಂದ ಜೆರ್ರಿ ರೈಸ್. ಅವನ ಕಾಲೇಜು ಅಂಕಿಗಳು ಬೆಟ್ಟದಷ್ಟಿದ್ದವು, ಆದರೆ ಎದುರಾಳಿಗಳು ದುರ್ಬಲರು, ಓಟವೂ ಅಷ್ಟೇನೂ ಚುರುಕಲ್ಲ ಎಂಬ ಅನುಮಾನ. ಹದಿನಾರನೆಯವನಾಗಿ ಆಯ್ಕೆಯಾದ ಅವನು ಮುಂದೆ 1,549 ಚೆಂಡು ಹಿಡಿದು ಆ ಆಟದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬನಾದ. ಕಾವಲುಗಾರ ಬೆನ್ನಿಗೇ ಇದ್ದರೂ ಅಳೆದಿಟ್ಟ ಹೆಜ್ಜೆಗಳಿಂದ ಅವನಿಂದ ಬಿಡಿಸಿಕೊಳ್ಳುವ ಕಲೆ ರೈಸ್‌ನ ಆಸ್ತಿ. ಸ್ಟಾಪ್‌ವಾಚಿಗೆ ಆ ಕಲೆ ಕಾಣುವುದಿಲ್ಲ.

ನಮ್ಮ ರೈಡರ್‌ಗೂ ಇದೇ ಮಾತು. ಹ್ಯಾಂಡ್ ಟಚ್ ಒಂದೇ ಇದೆಯೋ, ಅದನ್ನು ಕಟ್ಟಿಹಾಕಿದಾಗ ಟೋ ಟಚ್, ಡುಬ್ಕಿ ಹೊರಬರುತ್ತದೆಯೋ? ಎಡ ಬಲ ಎರಡೂ ಕಡೆಯಿಂದ ಒಳಹೋಗುತ್ತಾನೆಯೋ? ಇದನ್ನು ತಿಳಿಯಲು ಸುಲಭ ಉಪಾಯವಿದೆ. ಅವನ ಅತ್ಯುತ್ತಮ ಪಂದ್ಯ ನೋಡಬೇಡಿ. ಅದೇ ಎದುರಾಳಿಯ ಜತೆ ಅವನು ಆಡಿದ ಎರಡನೇ ಪಂದ್ಯ ನೋಡಿ.

ಮೈಕಟ್ಟು ಮತ್ತು ಮೊಣಕಾಲು

ಪ್ರೊ ಕಬಡ್ಡಿಯಲ್ಲಿ ಆಟಗಾರನ ತೂಕ 85 ಕಿಲೋ ಮೀರುವಂತಿಲ್ಲ. ಹಾಗೆಂದು ಸೊರಗಿದ ಮೈಯೂ ನಡೆಯದು. ಇಬ್ಬರು ಸೊಂಟಕ್ಕೆ ಜೋತುಬಿದ್ದಾಗ ಮಧ್ಯರೇಖೆಯ ತನಕ ಎಳೆದುಕೊಂಡು ಬರುವ ತೊಡೆಯ ಬಲ ಬೇಕು. ಊರಿನ ಮಣ್ಣಿನ ಅಂಕಣದಲ್ಲಿ ಬೆಳೆದವನಿಗೆ ಮ್ಯಾಟ್ ಮೇಲೆ ಶೂ ತೊಟ್ಟು ತಿರುಗುವುದೇ ಬೇರೆ ಅಭ್ಯಾಸ, ಮೊಣಕಾಲಿನ ಲಿಗಮೆಂಟಿಗೆ ಪೆಟ್ಟು ಬೀಳುವ ಭಯವೂ ಉಂಟು. ಹಳೆಯ ಗಾಯಗಳನ್ನು ಮುಚ್ಚಿಟ್ಟು ಆಯ್ಕೆಗೆ ಹೋಗುವುದು ಹುಡುಗನಿಗೇ ನಷ್ಟ.

ಮತ್ತೊಂದು ಮಾತು. ರೈಡ್ ಮುಗಿದ ಮೇಲೆ ಹುಡುಗ ಏನು ಮಾಡುತ್ತಾನೆ ಎಂದು ಗಮನಿಸಿ. ರಕ್ಷಣೆಗೆ ನಿಂತು ಸರಪಳಿಯಲ್ಲಿ ಕೈ ಸೇರಿಸುತ್ತಾನೆಯೋ, ಇಲ್ಲ ಮೂಲೆಯಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾನೆಯೋ? ಅಸ್ಲಂ ಇನಾಮದಾರ್‌ನ ಬೆಲೆ ಏರಿದ್ದು ರೈಡ್ ಜತೆಗೆ ಟ್ಯಾಕಲ್‌ಗೂ ಇಳಿಯುವ ಗುಣದಿಂದ.

ಕಾಯುವ ತಾಳ್ಮೆ

ಆಯ್ಕೆಯಾದರೂ ಆಟ ಸಿಗುವುದು ತಡವಾಗಬಹುದು. ಬೆಂಗಳೂರು ಬುಲ್ಸ್ ಅಭಿಮಾನಿಗಳಿಗೆ ಪವನ್ ಸೆಹ್ರಾವತ್ ಕಥೆ ಗೊತ್ತಿರುತ್ತದೆ. ಮೂರನೇ ಆವೃತ್ತಿಯಲ್ಲೇ ಬುಲ್ಸ್ ಸೇರಿದ್ದ. ಹೆಸರು ಬರಲಿಲ್ಲ. ಐದನೇ ಆವೃತ್ತಿಗೆ ಗುಜರಾತ್ ಸೇರಿದ, ಅಲ್ಲಿಯೂ ಹೆಚ್ಚಾಗಿ ಬೆಂಚಿನ ಮೇಲೆ. 2018ರಲ್ಲಿ ಬುಲ್ಸ್ ಮತ್ತೆ ಕರೆತಂದಾಗ ಅದೇ ಹುಡುಗ ಒಂದು ಆವೃತ್ತಿಯಲ್ಲಿ 271 ರೈಡ್ ಅಂಕ ಗಳಿಸಿದ. 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬನೇ 22 ಅಂಕ ತಂದು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟ. ಬೆಂಚಿನ ಮೇಲೆ ಕೂತ ವರ್ಷಗಳಲ್ಲಿ ಅವನು ಬಿಟ್ಟು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮನೆಯವರಿಗೆ ಒಂದಿಷ್ಟು ಪ್ರಶ್ನೆಗಳು

ಹಾಗಾದರೆ ಓದು ಬಿಡಿಸಬೇಕೇ? ನಮ್ಮ ಸಲಹೆ, ಅವಸರ ಬೇಡ. ಹರಾಜಿನ ಪಟ್ಟಿಗೆ ವಿಶ್ವವಿದ್ಯಾಲಯದ ಪಂದ್ಯಗಳಿಂದಲೇ ದಾರಿ ಇರುವಾಗ ಕಾಲೇಜು ಬಿಡುವುದೆಂದರೆ ಆ ದಾರಿಯನ್ನೂ ಕಳೆದುಕೊಂಡಂತೆ. ಕ್ರೀಡಾ ಕೋಟಾದ ನೌಕರಿಗೂ ಪದವಿ ಉಪಯೋಗಕ್ಕೆ ಬರುತ್ತದೆ. ಅಕಾಡೆಮಿಯವರ ಜತೆ ಮಾತಾಡುವಾಗ ಇಷ್ಟು ಕೇಳಿ: ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು? ಮ್ಯಾಟ್ ಇದೆಯೇ, ಫಿಸಿಯೋ ಇದ್ದಾರೆಯೇ? ಪರೀಕ್ಷೆಗೆ ರಜೆ ಕೊಡುತ್ತೀರಾ? ಮಗನ ತರಬೇತುದಾರರನ್ನು ಎಷ್ಟು ಅಂಕ ತಂದ ಎಂದು ಕೇಳುವ ಬದಲು ಎಷ್ಟು ಸಲ ಸಿಕ್ಕಿಬಿದ್ದ, ಡೂ ಆರ್ ಡೈ ರೈಡ್‌ನಲ್ಲಿ ಏನಾಯಿತು, ಎದುರಾಳಿಗಳು ಅವನನ್ನು ಓದಿಕೊಂಡ ಮೇಲೆ ಏನಾಯಿತು ಎಂದು ಕೇಳಿ. ನೇರವಾಗಿ ಉತ್ತರಿಸುವ ತರಬೇತುದಾರ ಸಿಕ್ಕರೆ ಹುಡುಗ ಅವರ ಕೈಯಲ್ಲಿ ಕ್ಷೇಮ.

ಮುಂದಿನ ಸಲ ಬಾಲೆವಾಡಿಯಲ್ಲೋ ನಿಮ್ಮ ಬಡಾವಣೆಯ ಮೈದಾನದಲ್ಲೋ ಕಬಡ್ಡಿ ನೋಡಲು ಕೂತಾಗ ಒಂದು ಚೀಟಿ, ಒಂದು ಪೆನ್ಸಿಲ್ ಜತೆಗಿರಲಿ. ಯಾರಾದರೂ ಒಬ್ಬ ಹುಡುಗನನ್ನು ಆರಿಸಿಕೊಂಡು ಅವನ ರೈಡುಗಳನ್ನು ಗುರುತು ಹಾಕಿ: ಬಂದದ್ದು, ಖಾಲಿ, ಸಿಕ್ಕಿಬಿದ್ದದ್ದು. ನಲವತ್ತು ನಿಮಿಷದ ಕೊನೆಗೆ ಚೀಟಿ ನೋಡಿದರೆ, ಚಪ್ಪಾಳೆಯ ಸದ್ದಿನಲ್ಲಿ ಕಾಣದ ರೈಡರ್ ಅದರಲ್ಲಿ ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ.