ನೆಲಹಾಸಿನ ಮೇಲಣ ಬೀದಿಗಳು: ಕೇಪ್‌ಟೌನಿನ ‘ಡಿಸ್ಟ್ರಿಕ್ಟ್ ಸಿಕ್ಸ್’ ವಸ್ತುಸಂಗ್ರಹಾಲಯ

ವೇದದಲ್ಲಿ ‘ಗ್ರಾಮ’ ಶಬ್ದಕ್ಕೆ ಜನಸಮೂಹವೆಂಬರ್ಥವೂ ಉಂಟು. ಮನೆ ಬೀದಿಗಳುಳ್ಳ ಊರೆಂಬರ್ಥವೇ ನಮ್ಮಲ್ಲಿ ರೂಢಿಯಾಗಿ ನಿಂತಿರುವುದು. ಊರು ಅಳಿದು ಜನ ಮಾತ್ರ ಉಳಿದರೆ ಅದನ್ನು ಗ್ರಾಮವೆನ್ನಬಹುದೇ ಎಂಬುದು ಶಾಬ್ದಿಕರ ವಿನೋದವೆಂದು ವಾಚಕರಿಗೆ ತೋರಬಹುದು. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಅದು ಬಾಳಿನ ಪ್ರಶ್ನೆಯೇ ಆಯಿತು.

೧೮೬೭ರಲ್ಲಿ ಆ ನಗರದ ಆರನೆಯ ವಿಭಾಗವೆಂದು ಹೆಸರು ಪಡೆದ ಈ ಕೇರಿಯಲ್ಲಿ ಬಿಡುಗಡೆ ಹೊಂದಿದ ದಾಸರ ಸಂತತಿಯವರು, ಕುಶಲಕರ್ಮಿಗಳು, ವರ್ತಕರು, ಕೂಲಿಕಾರರು ನೆರೆಹೊರೆಯಾಗಿ ವಾಸಿಸುತ್ತಿದ್ದರು. ೧೯೬೬ನೆಯ ಫೆಬ್ರವರಿ ೧೧ರಂದು ಸರಕಾರವು ಇದನ್ನು ಬಿಳಿಯರಿಗೆ ಮೀಸಲಾದ ಪ್ರದೇಶವೆಂದು ಘೋಷಿಸಿತು. ಮುಂದೆ ೧೯೮೨ರೊಳಗೆ ಸುಮಾರು ೬೦,೦೦೦ ಮಂದಿಯನ್ನು ನಗರದಾಚೆಯ ಮರಳುಬಯಲಿಗೆ ಸಾಗಿಸಿ ಮನೆಗಳನ್ನು ಕೆಡಹಿದರು. ಮಸೀದಿ, ಚರ್ಚುಗಳು ಮಾತ್ರ ಉಳಿದವು.

ಅಂತಹ ಒಂದು ಹಳೆಯ ಮೆಥೊಡಿಸ್ಟ್ ಚರ್ಚಿನಲ್ಲಿಯೇ ೧೯೯೪ರ ಡಿಸೆಂಬರಿನಲ್ಲಿ ಈ ಸಂಗ್ರಹಾಲಯವು ತೆರೆಯಲ್ಪಟ್ಟಿತು. ಬೀದಿಗಳನ್ನು ಕುರಿತ ಮೊದಲ ಪ್ರದರ್ಶನವು ಅಲ್ಪಕಾಲಕ್ಕೆಂದು ಏರ್ಪಟ್ಟಿದ್ದು, ಜನರು ಬಿಡದುದರಿಂದ ಸ್ಥಿರವಾಯಿತು. ಬೀದಿಗಳ ಹೆಸರಿನ ಫಲಕಗಳು ದೊರೆತ ರೀತಿ ವಿಚಿತ್ರವಾದುದು: ಕೆಡಹುವ ಕೆಲಸದಲ್ಲಿದ್ದವನೊಬ್ಬನೇ ಅವನ್ನು ಬಚ್ಚಿಟ್ಟಿದ್ದನು! ನೆಲದ ಮೇಲೆ ಕೇರಿಯ ನಕ್ಷೆಯನ್ನು ಹಾಸಿ, ಹಿಂದಣ ನಿವಾಸಿಗಳು ತಮ್ಮ ತಮ್ಮ ಮನೆಯ ಎಡೆಯಲ್ಲಿ ಹೆಸರು ಬರೆಯುವಂತೆ ಏರ್ಪಡಿಸಿರುವರು. ಬಟ್ಟೆಯೊಂದರ ಮೇಲೆ ಅವರು ಬರೆದ ಮಾತುಗಳನ್ನು ಬಳಿಕ ದಾರದಿಂದ ಕಸೂತಿ ಮಾಡುವುದುಂಟು. ನೋಡಬಂದವನೇ ಇಲ್ಲಿ ಲಿಪಿಕಾರನಾಗುವನು.

ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು ಎಣಿಸರು. ಶಾಸನವನ್ನು ನೆಚ್ಚುವ ನಮ್ಮ ಸಂಶೋಧಕರ ಒಲವೂ ಪ್ರಾಯಶಃ ಹಾಗೆಯೇ. ಆದರೆ ಶಾಸನವನ್ನೇ ಒಡೆದುಹಾಕಿದೆಡೆಯಲ್ಲಿ ಸ್ಮೃತಿಯಲ್ಲದೆ ಬೇರೇನನ್ನು ಆಶ್ರಯಿಸಬೇಕು? ಸಂಗ್ರಹಾಲಯದಲ್ಲಿ ಮಾರ್ಗದರ್ಶಕರಾಗಿದ್ದ ನೂರ್ ಇಬ್ರಾಹೀಂ ಎಂಬವರು ತಮ್ಮ ಪಾರಿವಾಳಗಳ ಸಂಗತಿಯನ್ನು ಹೇಳುತ್ತಿದ್ದರು. ಹೊಸ ಮನೆಯಿಂದ ಹಾರಿಬಿಟ್ಟ ಹಕ್ಕಿಗಳು ಅಲ್ಲಿಗೆ ಮರಳದೆ, ಕೆಡಹಿದ ಹಳೆಯ ಮನೆಯ ಬಯಲಿನಲ್ಲಿ ಕಂಡುಬಂದುವಂತೆ. ಇದಕ್ಕೆ ವ್ಯಾಖ್ಯಾನವು ಅನಾವಶ್ಯಕ.

ಸಂಸ್ಥೆಯ ವಿಸ್ತರಣವನ್ನೂ ಈ ದೃಷ್ಟಿಯಿಂದಲೇ ಪರಿಶೀಲಿಸಬೇಕು. ಹತ್ತಿರದಲ್ಲಿದ್ದ ಜವಳಿ ವರ್ತಕರ ದೊಡ್ಡ ಕಟ್ಟಡವೊಂದು ಅದರ ವಶಕ್ಕೆ ಬಂದಿತು. ಕೆಲವು ವರ್ಷ ಅದರಲ್ಲಿ ನಾಟಕಶಾಲೆಯೊಂದು ನಡೆದು, ೧೯೬೬ರ ಘೋಷಣೆಯಿಂದ ೫೫ ವರ್ಷಗಳಾದ ಮೇಲೆ, ೨೦೨೧ರಲ್ಲಿ ಮುಚ್ಚಿತು. ‘ಮನೆಗೆ ಮರಳುವಿಕೆ’ ಎಂಬರ್ಥದ ಹೆಸರು ಆ ಕಟ್ಟಡಕ್ಕೆ ಸಂದಿರುವುದು. ಕೊಠಡಿಗಳು ಹೆಚ್ಚಿದುದು ಒಳ್ಳೆಯದೇ. ಆದರೆ ಸಂಸ್ಥೆಯ ಗುರಿಯು ಗೋಡೆಗಳ ಹೊರಗಿನ ನೆಲವೆಂಬುದನ್ನು ಮರೆಯಲಾಗದು. ಆ ನೆಲದ ಒಂದು ಭಾಗದ ಮೇಲೆ ತಾಂತ್ರಿಕ ವಿದ್ಯಾಲಯವೆದ್ದಿತು. ಬಹುಭಾಗವು ದಶಕಗಳ ಕಾಲ ಪಾಳಾಗಿಯೇ ಇದ್ದಿತು. ೨೦೦೪ರ ಫೆಬ್ರವರಿ ೧೧ರಂದು ವೃದ್ಧರಿಬ್ಬರು ಮೊದಲಿಗೆ ಹೊಸ ಮನೆಗಳ ಬೀಗದಕೈಗಳನ್ನು ಪಡೆದರು. ಹಕ್ಕು ಸಲ್ಲಿಸಿ ಕಾದವರಲ್ಲಿ ಅನೇಕರು ಮರಳುವ ಮೊದಲೇ ತೀರಿಕೊಂಡರು.

ಪ್ರತಿವರ್ಷವೂ ಆ ದಿನದಂದು ಹಿಂದಣ ನಿವಾಸಿಗಳು ಸಂಗ್ರಹಾಲಯದಿಂದ ಹಳೆಯ ಬೀದಿಯ ಸ್ಥಳಕ್ಕೆ ನಡೆದುಹೋಗಿ, ಅಲ್ಲಿರುವ ಕಲ್ಲುಗುಪ್ಪೆಯ ಮೇಲೆ ಒಂದೊಂದು ಕಲ್ಲನ್ನಿಟ್ಟು ಬರುವರು.