‘ವಾಟ್ ಬಿಡು ಮಾರಾಯ, ತೇಲ್ತದಾ ಹೇಳು!’

ಬರದ ಜಿಲ್ಲೆಯ ಹುಡುಗ ನಾನು. ಊರು ಶ್ರೀನಿವಾಸಪುರದ ಹತ್ತಿರ. ದೋಣಿ ಅಂದರೆ ನನಗೆ ಗೊತ್ತಿದ್ದದ್ದು ಕೆರೆಯಲ್ಲಿ ಮೀನು ಹಿಡಿಯುವವರ ತೆಪ್ಪ, ಅದೂ ಕೆರೆ ತುಂಬಿದ ವರ್ಷ ಮಾತ್ರ. ಅಂಥವನನ್ನು ಹಿಡಿದು ನನ್ನ ಹಾಸ್ಟೆಲ್ ರೂಮ್‌ಮೇಟ್ ಒಂದು ರಾತ್ರಿ ಕೇಳಿದ: ‘ನೀನು ಇಸಿ ಅಲ್ವಾ ಮಾರಾಯ? ನಮ್ಮ ಮಾಮನ ದೋಣಿಗೆ ಒಂದು ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ ಬೇಕು. ಯಾವುದು ತಗೊಳ್ಳುವುದು?’

ಅವನದು ಮಲ್ಪೆ. ಮಾಮನದು ಔಟ್‌ಬೋರ್ಡ್ ಎಂಜಿನ್ ಕೂರಿಸಿದ ಸಣ್ಣ ನಾಡದೋಣಿ. ಹಿಂದಿನ ಮಳೆಗಾಲದಲ್ಲಿ ಕಡಲಿನಲ್ಲಿ ಎಂಜಿನ್ ಕೈಕೊಟ್ಟಿತ್ತು. ಮೊಬೈಲ್‌ನಲ್ಲಿ ನೆಟ್‌ವರ್ಕ್ ಇರಲಿಲ್ಲ. ಸಂಜೆಯವರೆಗೆ ಅಲೆಯ ಮೇಲೆ ತೇಲುತ್ತಾ ಇದ್ದು, ಕೊನೆಗೆ ಇನ್ನೊಂದು ದೋಣಿಯವರ ಕಣ್ಣಿಗೆ ಬಿದ್ದು, ಅವರು ಹಗ್ಗ ಕಟ್ಟಿ ಎಳೆದು ತಂದರಂತೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೊಡ್ಡ ಬೋಟುಗಳು ಬಂದರಿನಲ್ಲಿ ನಿಂತಿರುವ ಆ ದಿನಗಳಲ್ಲೇ 10 ಎಚ್‌ಪಿವರೆಗಿನ ಎಂಜಿನ್‌ನ ನಾಡದೋಣಿಗಳು ಕಡಲಿಗಿಳಿಯುತ್ತವೆ. ಕಡಲು ಕೆಟ್ಟಿರುವಾಗ, ಕೂಗಿದರೆ ಕೇಳುವವರು ಕಡಿಮೆ ಇರುವಾಗ, ಅತಿ ಚಿಕ್ಕ ದೋಣಿಗಳೇ ನೀರಿನಲ್ಲಿರುತ್ತವೆ!

ನಾನು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಆನ್‌ಲೈನ್‌ನಲ್ಲಿ ‘ಹೈ ಪವರ್’ ಅಂತ ಹುಡುಕಿ, 8 ವಾಟ್‌ನ ಅಗ್ಗದ ಸೆಟ್ಟೊಂದರ ಲಿಂಕ್ ಕಳಿಸಿದೆ. 136ರಿಂದ 174 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ, ಕಡಲಿನವರ ತುರ್ತು ಚಾನೆಲ್ 16 ಇರುವುದು 156.8ರಲ್ಲಿ, ಮತ್ತೇನು ಬೇಕು? ವಾಟ್ ಜಾಸ್ತಿ, ದೂರ ಜಾಸ್ತಿ. ಪುಸ್ತಕದ ಬದನೆಕಾಯಿ.

ಸೆಮಿಸ್ಟರ್ ರಜೆಗೆ ಮಲ್ಪೆಗೆ ಹೋದಾಗ ಮಾಮ ನನ್ನ ವಾಟ್ ಭಾಷಣವನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ, ‘ವಾಟ್ ಬಿಡು ಮಾರಾಯ, ನೀರಿಗೆ ಬಿದ್ರೆ ಅದು ತೇಲ್ತದಾ ಹೇಳು’ ಅಂದರು. ಅವರ ನೆಂಟರೊಬ್ಬರ ಸೆಟ್ ಬಲೆ ಎಳೆಯುವಾಗ ಜೇಬಿನಿಂದ ಜಾರಿ ಕಲ್ಲಿನ ಹಾಗೆ ಮುಳುಗಿತ್ತಂತೆ. ನನ್ನ ಲಿಂಕಿನಲ್ಲಿ ತೇಲುವ ಮಾತೇ ಇರಲಿಲ್ಲ.

ಆ ರಾತ್ರಿ ನೋಟ್ಸ್ ತೆಗೆದು ಕೂತೆ. ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತವೆ. ಭೂಮಿ ಬಾಗಿದೆ. ಹಾಗಾಗಿ ದೂರವನ್ನು ಮೊದಲು ತೀರ್ಮಾನಿಸುವುದು ಆಂಟೆನಾದ ಎತ್ತರ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಎದುರಿನ ಅಂಗಡಿ ಕಾಣುತ್ತದೆ, ಅಂತರಗಂಗೆ ಬೆಟ್ಟ ಹತ್ತಿದರೆ ಇಡೀ ಊರು. ಕಣ್ಣು ಅದೇ, ನಿಂತ ಜಾಗ ಬೇರೆ. ಲೆಕ್ಕವೂ ಸುಲಭ: ಎತ್ತರ ಎಷ್ಟು ಮೀಟರ್ ಎಂಬುದರ ವರ್ಗಮೂಲವನ್ನು 4.12ರಿಂದ ಗುಣಿಸಿ, ಎರಡೂ ಕಡೆಯದನ್ನು ಕೂಡಿಸಿದರೆ ಕಿಲೋಮೀಟರ್ ಸಿಗುತ್ತದೆ. ಎರಡು ದೋಣಿಗಳಲ್ಲಿ ಕೂತವರ ಕೈಯಲ್ಲಿ, ನೀರಿನಿಂದ 1 ಮೀಟರ್ ಎತ್ತರದಲ್ಲಿ ಸೆಟ್ ಇದ್ದರೆ ಸುಮಾರು 8 ಕಿ.ಮೀ. ಅದೇ ದೋಣಿಯಿಂದ ದಡದ 50 ಮೀಟರ್ ಎತ್ತರದ ಆಂಟೆನಾಗೆ ಸುಮಾರು 33 ಕಿ.ಮೀ. ಅಲೆಯ ತಗ್ಗಿನಲ್ಲಿ ಕೂತಾಗ ಇದೂ ಇಲ್ಲ. 5 ವಾಟ್‌ಗೂ 8 ವಾಟ್‌ಗೂ ಇರುವ ವ್ಯತ್ಯಾಸ ಬರೀ 2 ಡೆಸಿಬೆಲ್. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಪೂರ್ತಿ ಅಂಕ ತಗೊಂಡವನು ನಾನೇ!

ಮರುದಿನ ಬಂದರಿನ ಹತ್ತಿರದ ಅಂಗಡಿಗೆ ಹೋದೆವು. ಮಾಮ ಅಂಗಡಿಯವರಲ್ಲಿ ಒಂದು ಚೊಂಬು ನೀರು ಕೇಳಿ ಎರಡೂ ಕೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ 16ರ ಬಟನ್ ಹುಡುಕತೊಡಗಿದರು. ಮೊದಲ ಸೆಟ್ಟಿನಲ್ಲಿ ಸಿಗಲಿಲ್ಲ, ಗುಂಡಿಗಳೆಲ್ಲ ಒಂದೇ ಗಾತ್ರ. ಎರಡನೆಯದರಲ್ಲಿ ತಕ್ಷಣ ಸಿಕ್ಕಿತು. ಯಾವ ರಿವ್ಯೂ ವಿಡಿಯೊದಲ್ಲೂ ನಾನು ಈ ಪರೀಕ್ಷೆ ನೋಡಿಲ್ಲ.

ನನ್ನ ಪಾಲಿಗೆ ಉಳಿದದ್ದು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವ ಕೆಲಸ. ಐಪಿಎಕ್ಸ್7 ಅಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ, ತೇಲುತ್ತದೆ ಎಂದಲ್ಲ. ತೇಲುವುದಾದರೆ ಅದನ್ನು ಬೇರೆಯಾಗಿಯೇ ಬರೆದಿರುತ್ತಾರೆ. ಆ ಪರೀಕ್ಷೆ ಸಿಹಿನೀರಿನದು, ಉಪ್ಪುನೀರು ಚಾರ್ಜಿಂಗ್ ಪಿನ್ನುಗಳನ್ನು ತಿನ್ನುತ್ತದೆ. ದಡಕ್ಕೆ ಬಂದ ಮೇಲೆ ತೊಳೆದು ಒರೆಸಲೇಬೇಕು. ಬ್ಯಾಟರಿಯ ‘ಇಷ್ಟು ಗಂಟೆ’ ಎಂಬ ಲೆಕ್ಕವಂತೂ ಸಾಮಾನ್ಯವಾಗಿ ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವುದು, 90 ಪಾಲು ಸುಮ್ಮನಿರುವುದು ಎಂಬ ಅಂದಾಜಿನದು. ಎಂಜಿನ್ ನಿಂತವನು 90 ಪಾಲು ಸುಮ್ಮನಿರುತ್ತಾನೆಯೇ? ಹತ್ತಿರದ ದೋಣಿಯ ಜೊತೆ ಮಾತಿಗೆ 1 ವಾಟ್ ಸಾಕು, 5 ವಾಟನ್ನು ಕಷ್ಟಕಾಲಕ್ಕೆ ಉಳಿಸಿಕೊಳ್ಳಬೇಕು.

ನನಗೆ ಆಸೆ ಹುಟ್ಟಿಸಿದ್ದು ಡಿಎಸ್‌ಸಿ ಮತ್ತು ಜಿಪಿಎಸ್ ಇರುವ ದುಬಾರಿ ಸೆಟ್. ಮುಚ್ಚಳದ ಕೆಳಗಿನ ಕೆಂಪು ಬಟನ್ ಒತ್ತಿ ಹಿಡಿದರೆ ಅದು ಚಾನೆಲ್ 70ರಲ್ಲಿ ದೋಣಿಯ ಗುರುತಿನ ಸಂಖ್ಯೆಯನ್ನೂ ಇರುವ ಜಾಗವನ್ನೂ ತಾನೇ ಕಳಿಸುತ್ತದೆ. ಮಾಮ ಕೇಳಿದ್ದು ಒಂದೇ ಪ್ರಶ್ನೆ: ‘ಕೇಳುವವರು ಯಾರು?’ ಆ ಸಂದೇಶ ಹಿಡಿಯಲು ಎದುರಿನವರ ಬಳಿಯೂ ಡಿಎಸ್‌ಸಿ ಇರುವ ಸೆಟ್ ಬೇಕು. ಅವರ ಜೊತೆ ಹೋಗುವ ದೋಣಿಗಳಲ್ಲಿ ಒಂದರಲ್ಲೂ ಅದಿಲ್ಲ. ಇಸ್ರೊ ರೂಪಿಸಿದ ಡ್ಯಾಟ್ ಸಾಧನ ಉಪಗ್ರಹದ ಮೂಲಕ ಕೋಸ್ಟ್ ಗಾರ್ಡ್‌ಗೆ ಸಂದೇಶ ಮುಟ್ಟಿಸುತ್ತದೆ, ನಿಜ. ಪಕ್ಕದ ದೋಣಿಗೆ ಕೇಳಿಸಬೇಕಾದರೆ ಮಾತೇ ಬೇಕು. ಹಾಗಾಗಿ ಡಿಎಸ್‌ಸಿ ಇಲ್ಲದ, ತೇಲುವ, 16ರ ಬಟನ್ ಕೈಗೆ ಸಿಕ್ಕ ಎರಡನೇ ಸೆಟ್ಟೇ ಆಯಿತು. ಉಳಿದ ದುಡ್ಡಿಗೆ ಹೆಚ್ಚುವರಿ ಬ್ಯಾಟರಿ. ಡಿಎಸ್‌ಸಿ ಕೈಬಿಟ್ಟದ್ದು ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ.

ಸೆಟ್ ಇಟ್ಟುಕೊಳ್ಳಲು ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು ಎನ್ನುವುದು ನನಗೆ ಆ ಅಂಗಡಿಯಲ್ಲೇ ಗೊತ್ತಾದದ್ದು. ನಾನು ಕಳಿಸಿದ್ದ ಲಿಂಕಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಇಂಥ ಮಾಹಿತಿ ಕೊಡದೆ ವಾಕಿಟಾಕಿ ಮಾರುತ್ತಿದ್ದುದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಇ-ಕಾಮರ್ಸ್ ಜಾಲತಾಣಗಳಿಗೆ ನೋಟಿಸ್ ಕೊಟ್ಟಿತ್ತು. ಇಸಿ ಓದುವವನು ನಾನು, ಸ್ಪೆಕ್ಟ್ರಮ್ ಅಂದರೆ ಸಿಲಬಸ್‌ನ ಒಂದು ಚಾಪ್ಟರ್ ಅಂದುಕೊಂಡಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ‘ಸುವರ್ಣ ತ್ರಿಭುಜ’ದ ಮಾತು ತೆಗೆದರು. 2018ರ ಡಿಸೆಂಬರ್‌ನಲ್ಲಿ ಇದೇ ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೋದ ಬೋಟ್ ಸಂಪರ್ಕ ಕಡಿದುಕೊಂಡಿತು. ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿದ್ದು ಮರುವರ್ಷದ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ. ಅದು ದೊಡ್ಡ ಬೋಟ್. ನಮ್ಮದು ಸಣ್ಣದು ಎಂದಷ್ಟೇ ಹೇಳಿ ಅತ್ತೆ ಮೀನುಸಾರು ಬಡಿಸಿದರು.

ಪರವಾನಗಿಯ ಅರ್ಜಿಗೆ ನಾನೂ ರೂಮ್‌ಮೇಟೂ ಕೂತು ಕಾಗದಪತ್ರ ಹೊಂದಿಸುತ್ತಿದ್ದೇವೆ. ಅಂಗಡಿಯವರು ಸೆಟ್ ತೆಗೆದಿಟ್ಟಿದ್ದಾರೆ. ಸದ್ಯಕ್ಕೆ ಮಾಮ ಮೊಬೈಲನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗುತ್ತಾರೆ, ಕೋಸ್ಟ್ ಗಾರ್ಡ್‌ನ 1554 ನಂಬರನ್ನು ದೋಣಿಯ ಒಳಬದಿಗೆ ಪೇಂಟಿನಲ್ಲಿ ಬರೆಸಿದ್ದಾರೆ. ಜೂನ್ 1ರೊಳಗೆ ಸೆಟ್ ಕೈಗೆ ಬರಬೇಕು.