ಕದ್ರಿಯ ಸ್ಯಾಕ್ಸೋಫೋನ್ ಚಕ್ರವರ್ತಿ

ಜಾಝ್‌ನವರ ಸ್ಯಾಕ್ಸೋಫೋನ್‌ನಲ್ಲಿ ತ್ಯಾಗರಾಜರ ಕೃತಿ ನುಡಿಸಬಹುದೇ? ಖಂಡಿತ ನುಡಿಸಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಕದ್ರಿ ಗೋಪಾಲನಾಥ್.

ಹುಟ್ಟಿದ್ದು ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಹುಡುಗ ಅದಕ್ಕೇ ಮನಸೋತ.

ಆದರೆ ದಾರಿ ಸುಲಭವಿರಲಿಲ್ಲ. ಕರ್ನಾಟಕ ಸಂಗೀತದ ಜೀವವೇ ಗಮಕ. ಸ್ವರದಿಂದ ಸ್ವರಕ್ಕೆ ಜಾರಬೇಕು, ತೂಗಬೇಕು. ಸ್ಯಾಕ್ಸೋಫೋನಿನ ಕೀಲಿಗಳೋ ಸ್ವರಗಳನ್ನು ಬಿಡಿಬಿಡಿಯಾಗಿ ಹೊರಡಿಸುತ್ತವೆ. ಗೋಪಾಲನಾಥ್ ವಾದ್ಯವನ್ನೇ ಮಾರ್ಪಡಿಸಿದರು; ತುಟಿ, ಉಸಿರು, ಬೆರಳುಗಳನ್ನು ವರ್ಷಗಟ್ಟಲೆ ಪಳಗಿಸಿದರು. ಅವರನ್ನು ತಿದ್ದಿದ ಗುರುಗಳು ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಚೆನ್ನೈನಲ್ಲಿ ಟಿ.ವಿ. ಗೋಪಾಲಕೃಷ್ಣನ್.

1980ರಲ್ಲಿ ಮುಂಬೈಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಗೋಪಾಲನಾಥ್ ಅವರೊಡನೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕಛೇರಿ. ಅದೇ ವರ್ಷ ಎ.ಆರ್. ರೆಹಮಾನ್ ಸಂಗೀತದ ತಮಿಳು ಚಿತ್ರ 'ಡ್ಯುಯೆಟ್'ನಲ್ಲಿ ಅವರ ಸ್ಯಾಕ್ಸೋಫೋನ್. 2004ರಲ್ಲಿ ಪದ್ಮಶ್ರೀ. 2008ರಲ್ಲಿ ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಜತೆ 'ಕಿನ್ಸ್‌ಮೆನ್' ಆಲ್ಬಂ.

2019ರ ಅಕ್ಟೋಬರ್ 11ರಂದು ಅವರು ನಮ್ಮನ್ನಗಲಿದರು. ಇಂದು ಕರಾವಳಿಯ ದೇವಸ್ಥಾನಗಳಲ್ಲಿ, ಮದುವೆ ಚಪ್ಪರಗಳಲ್ಲಿ ಸ್ಯಾಕ್ಸೋಫೋನ್ ನಮ್ಮದೇ ಮಂಗಳವಾದ್ಯ. ಮುಂದಿನ ಸಲ ಕಿವಿಗೆ ಬಿದ್ದಾಗ ಒಂದು ನಿಮಿಷ ನಿಂತು ಆ ಗಮಕ ಕೇಳಿ. ಮಕ್ಕಳಿಗೂ ಕೇಳಿಸಿ.